ಟ್ಯಾಂಕಿನ ಮೇಲಿನ ಕೆಂಪು: ಹಳೆಯ ಬೈಕಿನ ಮೂಲ ಬಣ್ಣ ಹುಡುಕುವ ಬಗೆ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಗ್ಯಾರೇಜ್ ಕೆಲಸಗಾರರು, ಹಳೆಯ ಮೋಟಾರ್ ಸೈಕಲ್ ಆಸಕ್ತರು ಸೇರಿದ್ದ ಸಭೆಯಲ್ಲಿ ನಮ್ಮ ವರದಿಗಾರರು ಆಡಿದ ಮಾತಿನ ಬರಹ ರೂಪ)



ಒಂದು ಸಣ್ಣ ಪ್ರಶ್ನೆಯಿಂದ ಮಾತು ಶುರು ಮಾಡುತ್ತೇನೆ. ಜಾವಾ ಬೈಕಿನ ಬಣ್ಣ ಯಾವುದು? 'ಇದೇನು ಪ್ರಶ್ನೆ, ಕೆಂಪು' ಎನ್ನುತ್ತೀರಿ. ಯಾವ ಕೆಂಪು? ಒಬ್ಬರು ಮರೂನ್ ಎನ್ನುತ್ತಾರೆ, ಇನ್ನೊಬ್ಬರು ಕುಂಕುಮದ ಬಣ್ಣ ಎನ್ನುತ್ತಾರೆ. ಮತ್ತೊಬ್ಬರು ಸ್ವಲ್ಪ ಯೋಚಿಸಿ, 'ಒಣ ಮೆಣಸಿನಕಾಯಿ ಇದೆಯಲ್ಲ, ಹಾಗೆ' ಎನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ, ಮೂವರು ನೋಡಿರುವುದೂ ಜಾವಾ ಬೈಕನ್ನೇ. ಆದರೆ ಈ ಮೂರು ಕೆಂಪುಗಳನ್ನು ಮೂರು ರಟ್ಟಿನ ಮೇಲೆ ಬಳಿದು ಪಕ್ಕಪಕ್ಕದಲ್ಲಿ ಇಟ್ಟರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಹಳೆಯ ಬೈಕನ್ನು ಮತ್ತೆ ಮೊದಲಿನಂತೆ ಮಾಡಬೇಕು ಎಂದು ಹೊರಡುವವರಿಗೆ ಮೊದಲ ತೊಡಕು ಎದುರಾಗುವುದು ಇಲ್ಲೇ. ಎಂಜಿನ್ನಿನ ಪಿಸ್ಟನ್ ಎಷ್ಟು ಅಗಲ ಎಂದು ಅಳೆದು ಹೇಳಬಹುದು. ಬಣ್ಣವನ್ನು ಅಷ್ಟು ಸುಲಭವಾಗಿ ಹೇಳಲಾಗದು.

ನಾನು ವರದಿಗಾರ, ಪೇಂಟರ್ ಅಲ್ಲ. ಸ್ಪ್ರೇ ಗನ್ ಹಿಡಿದು ಕೂದಲು ನರೆತವರು ಇಲ್ಲಿದ್ದೀರಿ. ನಿಮಗೆ ಕೆಲಸ ಕಲಿಸಲು ನಾನು ಬಂದಿಲ್ಲ. ನೀವು ಕೈಯಲ್ಲಿ ಮಾಡುವ ಕೆಲಸದ ಹಿಂದೆ ಎಷ್ಟು ಇತಿಹಾಸ, ಎಷ್ಟು ವಿಜ್ಞಾನ ಇದೆ ಎಂಬುದನ್ನು ಉಳಿದವರಿಗೆ ತಿಳಿಸುವುದಷ್ಟೇ ನನ್ನ ಉದ್ದೇಶ.

ನಮ್ಮ ಊರಿನ ಬೈಕು

ಈ ವಿಷಯವನ್ನು ಮಂಡ್ಯದಲ್ಲಿ ಮಾತನಾಡಲು ಕಾರಣವಿದೆ. ಇಲ್ಲಿಂದ ಸುಮಾರು 45 ಕಿ.ಮೀ. ದೂರದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಜಾವಾ ಎಂಬುದು ಮೂಲದಲ್ಲಿ ಜೆಕೊಸ್ಲೊವಾಕಿಯಾದ ಹೆಸರು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡರು. ತಮ್ಮ ಹೆಸರಿನ ಮೊದಲ ಎರಡಕ್ಷರ, ವಾಂಡರರ್ ಹೆಸರಿನ ಮೊದಲ ಎರಡಕ್ಷರ ಸೇರಿಸಿ 'ಜಾವಾ' ಎಂದರು. ಇಂಡೊನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ.

ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಆ ಬೈಕನ್ನು ಮೈಸೂರಿಗೆ ತಂದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಕಾರ್ಖಾನೆ ಉದ್ಘಾಟಿಸಿದರು. 1961ರಲ್ಲಿ 250 ಸಿ.ಸಿ. ಜಾವಾ ತಯಾರಿಕೆ ಆರಂಭವಾಯಿತು. 1973ರಿಂದ ಅದೇ ಕಾರ್ಖಾನೆಯ ಬೈಕುಗಳು 'ಯೆಜ್ಡಿ' ಎಂಬ ಹೆಸರಿನಲ್ಲಿ ಬಂದವು. ಇರಾನಿನ ಯಜ್ದ್ ಎಂಬ ಊರಿನಿಂದ ಬಂದ ಹೆಸರು ಅದು. ಮುಂದೆ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೆ ಕಂಪನಿಯ ಹೊಸ ಬೈಕುಗಳ ಮೇಲೆ ಮತ್ತೆ ಕಾಣಿಸಿದವು. ಅವು ಹೊಸ ಎಂಜಿನ್ನಿನ ಹೊಸ ಬೈಕುಗಳು. ನಾವು ಇಂದು ಮಾತನಾಡುತ್ತಿರುವುದು ಯಾದವಗಿರಿಯ ಹಳೆಯ ಬೈಕುಗಳ ಬಗ್ಗೆ.

ಕಬ್ಬಿನ ಬಿಲ್ಲು ಕೈಗೆ ಬಂದಾಗ ಕೊಂಡ ಜಾವಾ, ಮೇಷ್ಟ್ರು ಶಾಲೆಗೆ ಹೋಗುತ್ತಿದ್ದ ಜಾವಾ, ಹಾಲಿನ ಕ್ಯಾನು ಕಟ್ಟಿಕೊಂಡು ತಿರುಗಿದ ಯೆಜ್ಡಿ, ಇಂಥವು ನಮ್ಮ ಮೂರೂ ತಾಲ್ಲೂಕುಗಳ ಕೊಟ್ಟಿಗೆ, ಹಿತ್ತಿಲು, ಪಡಸಾಲೆಗಳಲ್ಲಿ ಇನ್ನೂ ನಿಂತಿವೆ. ಅಪ್ಪ ತೀರಿಕೊಂಡ ಮೇಲೆ ಗೋಣಿಚೀಲ ಹೊದಿಸಿ ಇಟ್ಟ ಬೈಕನ್ನು ಈಗ ಮಗನೋ ಮೊಮ್ಮಗನೋ ಹೊರಗೆ ತೆಗೆಯುತ್ತಿದ್ದಾನೆ. ಹೊರಗೆ ತೆಗೆದ ದಿನವೇ ಅವನು ಕೇಳುವ ಮಾತು: 'ಟ್ಯಾಂಕಿಗೆ ಹೊಸ ಪೇಂಟ್ ಹೊಡೆಸೋಣವೇ?'

ಆ ಮಾತಿಗೆ ಉತ್ತರ ಕೊಡುವ ಮೊದಲು ಸ್ವಲ್ಪ ತಡೆಯಿರಿ ಎಂದು ಕೇಳಿಕೊಳ್ಳುವುದೇ ಇವತ್ತಿನ ನನ್ನ ಮಾತಿನ ಸಾರ. ಕಾರ್ಖಾನೆ ನಡೆಯುತ್ತಿದ್ದಾಗ ಟ್ಯಾಂಕು ಹಾಳಾದರೆ ಡೀಲರ್ ಹತ್ತಿರ ಹೋಗಿ ಕೇಳಬಹುದಿತ್ತು. ಈಗ ಆ ಕೌಂಟರ್ ಇಲ್ಲ. ಮೂಲ ಬಣ್ಣಕ್ಕೆ ಸಾಕ್ಷಿ ಎಂದರೆ ಉಳಿದಿರುವ ಹಳೆಯ ಬೈಕುಗಳೇ. ಒಂದೊಂದು ಟ್ಯಾಂಕನ್ನು ಉಜ್ಜಿ ತಗಡು ಕಾಣಿಸಿದಾಗಲೂ ಒಂದೊಂದು ಸಾಕ್ಷಿ ಅಳಿಯುತ್ತದೆ.

ದರಿಯಾ ದೌಲತ್ ಹೇಳುವ ಪಾಠ

ಇದು ಬೈಕಿನವರ ಹೊಸ ಸಮಸ್ಯೆ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರ ಕಾಲದ್ದು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಆ ಚಿತ್ರ ಒಮ್ಮೆ ಅಳಿಸಿಹೋಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮುಂದೆ ಸುಣ್ಣ ಬಳಿದು ಮತ್ತೆ ಮಸುಕಾಯಿತು. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಮೈಸೂರು ಪ್ರಾಂತ್ಯಕ್ಕೆ ಬಂದಾಗ ಅದನ್ನು ನೋಡಿ, ಮತ್ತೆ ಬರೆಸಲು ಅಪ್ಪಣೆ ಮಾಡಿದ. ಆ ಕೆಲಸ ಮಾಡಿದವನು ಮೂಲ ಚಿತ್ರ ಹೇಗಿತ್ತು ಎಂದು ನೆನಪಿದ್ದ ಒಬ್ಬ ದೇಶೀಯ ಚಿತ್ರಗಾರ ಎಂದು ದಾಖಲೆ ಹೇಳುತ್ತದೆ.

ಗಮನಿಸಿ: ಮೂಲದಿಂದ ಅಲ್ಲ, ನೆನಪಿನಿಂದ. ಇಂದು ನಾವು ಆ ಗೋಡೆಯ ಮುಂದೆ ನಿಂತು ನೋಡುವ ಕೆಂಪು, ಹಸಿರು, ನೀಲಿಗಳಲ್ಲಿ 1784ರದ್ದು ಎಷ್ಟು, 1850ರ ದಶಕದ್ದು ಎಷ್ಟು? ಆ ಚಿತ್ರಗಾರ ಇಲ್ಲದಿದ್ದರೆ ನಮಗೆ ಚಿತ್ರವೇ ಉಳಿಯುತ್ತಿರಲಿಲ್ಲ ಎಂಬುದು ನಿಜ. ಒಂದು ಪದರ ಮೇಲೆ ಬಂದಾಗ ಕೆಳಗಿನ ಪದರ ಮರೆಯಾಗುತ್ತದೆ ಎಂಬುದೂ ಅಷ್ಟೇ ನಿಜ. ಅರಮನೆಯ ಗೋಡೆಗೆ ಅನ್ವಯಿಸುವ ಈ ಮಾತು ಪೆಟ್ರೋಲ್ ಟ್ಯಾಂಕಿಗೂ ಅನ್ವಯಿಸುತ್ತದೆ.

ಟ್ಯಾಂಕೇ ಏಕೆ ಕಷ್ಟ?

ಬೈಕಿನಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಟ್ಯಾಂಕು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವುದೂ ಅದೇ. ನೆತ್ತಿಯ ಮೇಲೆ ನೇರ ಬಿಸಿಲು. ಎರಡೂ ಬದಿಗೆ ಸವಾರನ ಮೊಣಕಾಲು. ಮುಚ್ಚಳದ ಸುತ್ತ ಪೆಟ್ರೋಲು ಚೆಲ್ಲಿದ ಕಲೆ. ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಬೈಕುಗಳಾದ್ದರಿಂದ ಪೆಟ್ರೋಲಿನ ಜೊತೆ ಆಯಿಲ್ ಕೂಡ ಅಲ್ಲೇ ಸುರಿಯಬೇಕು.

ಬಿಸಿಲಿನ ನೇರಳಾತೀತ ಕಿರಣ ಬಣ್ಣದ ಪುಡಿಯನ್ನೂ ಅದನ್ನು ಹಿಡಿದಿಟ್ಟಿರುವ ಅಂಟನ್ನೂ ನಿಧಾನವಾಗಿ ಮುರಿಯುತ್ತದೆ. ಹೊಳಪು ಹೋಗಿ ಮೇಲ್ಮೈ ಸೀಮೆಸುಣ್ಣದಂತೆ ಪುಡಿಪುಡಿಯಾಗುತ್ತದೆ. ಎಲ್ಲ ಕೆಂಪುಗಳೂ ಒಂದೇ ರೀತಿ ಮಾಸುವುದಿಲ್ಲ. ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕೆಮ್ಮಣ್ಣಿನ ಕೆಂಪು ಬಹಳ ಗಟ್ಟಿ. ಅದಕ್ಕೇ ನಮ್ಮ ಹಳ್ಳಿಯ ಕಾರಣೆ ವರ್ಷಗಟ್ಟಲೆ ನಿಲ್ಲುತ್ತದೆ. ಆದರೆ ಹೊಳೆಯುವ ಚೆಂದದ ಕೆಂಪು ಕೊಡುವ ಕೆಲವು ರಾಸಾಯನಿಕ ಬಣ್ಣಗಳು ಬಿಸಿಲಿಗೆ ಬೇಗ ಸೋಲುತ್ತವೆ. ಹಲವು ಬಣ್ಣ ಬೆರೆಸಿ ಮಾಡಿದ ಕಡುಗೆಂಪಿನಲ್ಲಿ ಒಂದು ಬಣ್ಣ ಮೊದಲು ಸೋತರೆ ಉಳಿದದ್ದು ಮೇಲೆ ಬರುತ್ತದೆ. ಹೀಗೆ ಕಡುಗೆಂಪು ಹೋಗಿ ಕಂದು ಆಗುತ್ತದೆ.

ಬಿಳಿ ಮತ್ತು ಕೆನೆ ಬಣ್ಣದ ಕಥೆ ಇನ್ನೂ ವಿಚಿತ್ರ. ಹಳೆಯ ಕಾಲದ ನೈಟ್ರೊಸೆಲ್ಯುಲೋಸ್ ಲ್ಯಾಕರ್ ವಯಸ್ಸಾದಂತೆ ಹಳದಿಗೆ ತಿರುಗುತ್ತದೆ. ನಾವು 'ಎಂಥ ಚೆಂದದ ಆನೆದಂತದ ಬಣ್ಣ' ಎಂದು ಮೆಚ್ಚುವ ಟ್ಯಾಂಕಿನ ಗೆರೆ, ಕಾರ್ಖಾನೆಯಿಂದ ಹೊರಬಿದ್ದ ದಿನ ಅದಕ್ಕಿಂತ ಬಿಳುಪಾಗಿ ಇದ್ದಿರಬಹುದು. ಮೂಲ ಎಂದು ನಾವು ನಂಬುವುದು ಎಷ್ಟೋ ಸಲ ಮುಪ್ಪಿನ ಬಣ್ಣ.

ಬಣ್ಣ ಅಡಗಿ ಕೂರುವ ಜಾಗಗಳು

ಹಾಗಾದರೆ ಹುಟ್ಟಿದ ದಿನದ ಬಣ್ಣ ಎಲ್ಲಿ ಸಿಗುತ್ತದೆ? ಬಿಸಿಲು ಬೀಳದ ಕಡೆ. ಜಾವಾದ ಟ್ಯಾಂಕಿನ ಎರಡೂ ಬದಿಗೆ ಮೊಣಕಾಲಿಗೆ ರಬ್ಬರ್ ಪ್ಯಾಡ್ ಇರುತ್ತದೆ. ಅದರ ಕೆಳಗೆ ನೋಡಬೇಕು. ಲೋಹದ ಬ್ಯಾಡ್ಜ್ ಇದ್ದರೆ ಅದರ ಕೆಳಗೆ. ಟ್ಯಾಂಕನ್ನು ಕಳಚಿ ತಲೆಕೆಳಗು ಮಾಡಿದರೆ, ಫ್ರೇಮಿನ ಮೇಲೆ ಕೂರುವ ಒಳಬಾಗಿದ ಭಾಗದ ಅಂಚಿನಲ್ಲಿ. ಟ್ಯಾಂಕಿನಲ್ಲಿ ಏನೂ ಉಳಿದಿಲ್ಲದಿದ್ದರೆ ಅದೇ ಬಣ್ಣ ಹೊಡೆದಿರುವ ಬೇರೆ ಭಾಗ ಹುಡುಕಬೇಕು. ಪಕ್ಕದ ಟೂಲ್ ಬಾಕ್ಸಿನ ಮುಚ್ಚಳದ ಒಳಮೈ, ಸೀಟಿನ ಕೆಳಗೆ, ಹೆಡ್‌ಲೈಟ್ ಕವಚದ ಒಳಗೆ, ಮಡ್‌ಗಾರ್ಡಿಗೆ ಬೋಲ್ಟು ಕಚ್ಚಿದ ಜಾಗದಲ್ಲಿ ವಾಷರಿನ ಅಡಿ. ಹಪ್ಪಳದಷ್ಟು ಜಾಗ ಬೇಕಿಲ್ಲ, ಎಂಟಾಣೆಯಷ್ಟು ಸಿಕ್ಕರೂ ಸಾಕು.

ಸಿಕ್ಕ ಜಾಗವನ್ನು ಥಿನ್ನರ್ ಹಾಕಿ ಒರೆಸಬೇಡಿ. ಹಳೆಯ ಲ್ಯಾಕರ್ ಥಿನ್ನರಿಗೆ ಕರಗಿ ಬಟ್ಟೆಗೆ ಬಂದುಬಿಡುತ್ತದೆ. ಸೋಪಿನ ನೀರಿನಿಂದ ಜಿಡ್ಡು ತೆಗೆದು, ನುಣ್ಣನೆಯ ರಬ್ಬಿಂಗ್ ಕಾಂಪೌಂಡನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಹಗುರವಾಗಿ ಉಜ್ಜಿದರೆ ಸತ್ತ ಮೇಲ್ಪದರ ಹೋಗಿ ಜೀವಂತ ಬಣ್ಣ ಕಾಣುತ್ತದೆ.

ಬೈಕು ಎರಡು ಮೂರು ಸಲ ಬಣ್ಣ ಕಂಡಿದ್ದರೆ ಇನ್ನೊಂದು ಉಪಾಯವಿದೆ. ಹಳೆಯ ಕಟ್ಟಡದ ಗೋಡೆಯ ಬಣ್ಣ ಪರೀಕ್ಷಿಸುವವರೂ ಇದನ್ನೇ ಮಾಡುತ್ತಾರೆ. ಕಾಣದ ಒಂದು ಮೂಲೆಯಲ್ಲಿ, ನೀರು ಹಾಕಿ, ಅತಿ ನುಣ್ಣನೆಯ ವಾಟರ್ ಪೇಪರಿನಿಂದ ಒಂದು ರೂಪಾಯಿ ಅಗಲ ಉಜ್ಜಬೇಕು. ಮಧ್ಯದಲ್ಲಿ ತಗಡು ಕಾಣುವವರೆಗೆ, ಅಂಚಿನಲ್ಲಿ ಕಡಿಮೆ ಕಡಿಮೆ. ಆಗ ಮರದ ಕೊರಡಿನ ವರ್ಷದ ಉಂಗುರಗಳಂತೆ ಪದರಗಳು ಬಳೆಬಳೆಯಾಗಿ ತೆರೆದುಕೊಳ್ಳುತ್ತವೆ. ತಗಡಿಗೆ ಅಂಟಿದ ಪ್ರೈಮರ್, ಅದರ ಮೇಲಿನ ಬಣ್ಣ, ಮತ್ತೆ ಪುಟ್ಟಿ, ಮತ್ತೆ ಪ್ರೈಮರ್, ಮತ್ತೆ ಬಣ್ಣ. ಪುಟ್ಟಿ ಕಂಡ ಕಡೆ ಯಾವುದೋ ಗ್ಯಾರೇಜಿನ ಟಿಂಕರಿಂಗ್ ನಡೆದಿದೆ ಎಂದು ಅರ್ಥ. ಪುಟ್ಟಿಯ ಕೆಳಗಿರುವುದೇ ಹಳೆಯದು. ತಗಡಿಗೆ ಅಂಟಿದ ಮೊದಲ ಪ್ರೈಮರಿನ ಬಣ್ಣವನ್ನೂ ಬರೆದಿಟ್ಟುಕೊಳ್ಳಿ. ಅದರ ಕೆಲಸ ಮುಂದೆ ಇದೆ.

ಕಾಗದ, ಫೋಟೊ, ನೆನಪು

ಬೈಕಿನ ಮೈಮೇಲೆ ಸಾಕ್ಷಿ ಸಿಗದಿದ್ದರೆ ಕಾಗದ ನೋಡುತ್ತೇವೆ. ಆರ್.ಸಿ. ಪುಸ್ತಕದಲ್ಲಿ ಬಣ್ಣದ ಕಾಲಂ ಇರುತ್ತದೆ. ಆದರೆ ಗುಮಾಸ್ತರು ಅಲ್ಲಿ ಒಂದೇ ಪದ ಬರೆಯುತ್ತಿದ್ದರು. 'ಮರೂನ್' ಅಥವಾ 'ರೆಡ್'. ಕಪ್ಪೋ ಕೆಂಪೋ ಎಂಬ ಜಗಳ ತೀರಿಸಲು ಅದು ಸಾಕು, ಯಾವ ಕೆಂಪು ಎಂಬ ಜಗಳಕ್ಕೆ ಸಾಲದು.

ಬಣ್ಣದ ಹೆಸರುಗಳೇ ಹಾಗೆ. ಇಂಗ್ಲೆಂಡಿನ ಟ್ರಯಂಫ್ ಕಂಪನಿ 1937ರಲ್ಲಿ ಸ್ಪೀಡ್ ಟ್ವಿನ್ ಎಂಬ ಪ್ರಸಿದ್ಧ ಬೈಕನ್ನು ಹೊರತಂದಾಗ ಅದರ ಬಣ್ಣಕ್ಕೆ 'ಅಮರಾಂತ್ ರೆಡ್' ಎಂದು ಹೆಸರಿಟ್ಟಿತು. ಅಮರಾಂತ್ ಎಂದರೆ ನಮ್ಮ ದಂಟಿನ ಸೊಪ್ಪಿನ ಕುಲ. ಮದ್ದೂರಿನ ಸಂತೆಯಲ್ಲಿ ನಾಲ್ಕು ಕಂತೆ ಕೆಂಪು ದಂಟು ತೆಗೆದು ನೋಡಿ, ನಾಲ್ಕೂ ಬೇರೆ ಕೆಂಪು! ಹೆಸರಿನಿಂದ ಬಣ್ಣ ಹಿಡಿಯಲಾಗದು ಎಂದು ಅರಿತೇ ಅಮೆರಿಕದ ಚಿತ್ರಕಲೆ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಒಂದು ಕ್ರಮ ಸೂಚಿಸಿದ. ಯಾವುದೇ ಬಣ್ಣವನ್ನು ಮೂರು ಪ್ರಶ್ನೆಗಳಿಂದ ಹೇಳಬಹುದು: ಅದು ಯಾವ ಬಣ್ಣ, ಎಷ್ಟು ತಿಳಿ ಅಥವಾ ಕಡು, ಎಷ್ಟು ಶುದ್ಧ ಅಥವಾ ಮಂಕು. ಗ್ಯಾರೇಜಿನಲ್ಲಿ ಬಣ್ಣ ಹೊಂದದಿದ್ದಾಗ 'ಏನೋ ಸರಿಯಿಲ್ಲ' ಎನ್ನುವ ಬದಲು ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಕೇಳಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

ಫೋಟೊ? ಕಪ್ಪು ಬಿಳುಪು ಚಿತ್ರ ಗೆರೆಗಳು ಎಲ್ಲಿದ್ದವು, ಕ್ರೋಮ್ ಎಲ್ಲಿತ್ತು ಎಂದು ಚೆನ್ನಾಗಿ ಹೇಳುತ್ತದೆ, ಬಣ್ಣ ಹೇಳುವುದಿಲ್ಲ. ಹಳೆಯ ಬಣ್ಣದ ಫೋಟೊಗಳಂತೂ ತಾವೇ ಮಾಸಿ ಕೆಂಪಗೆ ತಿರುಗಿರುತ್ತವೆ. ಮದುವೆ ಆಲ್ಬಂ ತೆರೆದು ಅಜ್ಜನ ಬಿಳಿ ಪಂಚೆ ಈಗ ಯಾವ ಬಣ್ಣದಲ್ಲಿದೆ ಎಂದು ಮೊದಲು ನೋಡಿ. ಪಂಚೆಯೇ ಗುಲಾಬಿಯಾಗಿದ್ದರೆ ಪಕ್ಕದ ಬೈಕಿನ ಕೆಂಪನ್ನು ನಂಬುವಂತಿಲ್ಲ.

ಇನ್ನು ನೆನಪು. 'ಅಪ್ಪನ ಗಾಡಿ ಹೀಗೇ ಇತ್ತು, ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ' ಎನ್ನುವ ಮಗನ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಪ್ರೀತಿಯ ವಸ್ತು ನೆನಪಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಗಾಢವಾಗಿ, ಹೆಚ್ಚು ಹೊಳಪಾಗಿ ಉಳಿಯುತ್ತದೆ. ಅಲ್ಲದೆ ಮಗನಿಗೆ ಬುದ್ಧಿ ಬರುವ ಹೊತ್ತಿಗೆ ಬೈಕಿಗೆ ಹತ್ತು ವರ್ಷ ಬಿಸಿಲು ಬಿದ್ದಿರುತ್ತದೆ. ನೆನಪು ದಾರಿ ತೋರಬಹುದು, ತೀರ್ಪು ಕೊಡುವುದು ಟೂಲ್ ಬಾಕ್ಸಿನ ಒಳಗಿನ ಬಣ್ಣವೇ.

ಮ್ಯಾಚಿಂಗ್ ಸೆಂಟರಿನ ಜಾಣ್ಮೆ

ಬಣ್ಣ ಹೊಂದಿಸುವ ವಿಜ್ಞಾನದ ಅತಿ ಮುಖ್ಯ ಪಾಠವನ್ನು ನಮ್ಮ ಹೆಣ್ಣುಮಕ್ಕಳು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಸೀರೆಗೆ ರವಿಕೆ ಬಟ್ಟೆ ಕೊಳ್ಳಲು ಮ್ಯಾಚಿಂಗ್ ಸೆಂಟರಿಗೆ ಹೋದವರು ಏನು ಮಾಡುತ್ತಾರೆ? ಅಂಗಡಿಯವನು ಟ್ಯೂಬ್‌ಲೈಟ್ ಕೆಳಗೆ 'ಇದೇ ಕಲರ್ ಅಕ್ಕಾ' ಎಂದರೂ ನಂಬದೆ ಸೀರೆ, ಬಟ್ಟೆ ಎರಡನ್ನೂ ಹಿಡಿದು ಬಾಗಿಲಿಗೆ ಬಂದು ಬಿಸಿಲಿನ ಬೆಳಕಿನಲ್ಲಿ ನೋಡುತ್ತಾರೆ. ಒಳಗೆ ಒಂದೇ ಎನಿಸಿದ್ದು ಹೊರಗೆ ಬೇರೆಯಾಗುತ್ತದೆ.

ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿಸಿದ ಮಳವಳ್ಳಿ ತಾಲ್ಲೂಕಿನವರಿಗೆ ದೀಪದ ವಿಚಾರ ಹೇಳಬೇಕೇ? ಆದರೂ ಹೇಳುತ್ತೇನೆ. ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ಹೆಚ್ಚುಕಡಿಮೆ ಸಮನಾಗಿ ಇರುತ್ತದೆ. ಟ್ಯೂಬ್‌ಲೈಟಿನಲ್ಲಿ, ಎಲ್‌ಇಡಿಯಲ್ಲಿ ಕೆಲವು ಬಣ್ಣ ಹೆಚ್ಚು, ಕೆಲವು ಕಡಿಮೆ. ಬೇರೆ ಬೇರೆ ಪುಡಿಗಳಿಂದ ಮಾಡಿದ ಎರಡು ಕೆಂಪುಗಳು ಒಂದು ಬೆಳಕಿನಲ್ಲಿ ಕಣ್ಣಿಗೆ ಒಂದೇ ಆಗಿ ಕಂಡು, ಇನ್ನೊಂದು ಬೆಳಕಿನಲ್ಲಿ ಬೇರ್ಪಡುತ್ತವೆ. ಇದಕ್ಕೆ ವಿಜ್ಞಾನಿಗಳು 'ಮೆಟಾಮೆರಿಸಂ' ಎನ್ನುತ್ತಾರೆ. ಬಣ್ಣ ವಸ್ತುವಿನಲ್ಲಿ ಮಾತ್ರ ಇಲ್ಲ, ಬೆಳಕು ಮತ್ತು ಕಣ್ಣು ಸೇರಿದಾಗ ಆಗುತ್ತದೆ ಎಂಬುದು ಇದರ ಅರ್ಥ. ಸರ್ ಸಿ.ವಿ. ರಾಮನ್ ಅವರಂಥವರೂ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣ, ಕಣ್ಣಿನ ಗ್ರಹಿಕೆಗಳ ಬೆನ್ನು ಹತ್ತಿ 1968ರಲ್ಲಿ ದೃಷ್ಟಿಯ ಬಗ್ಗೆಯೇ ಪುಸ್ತಕ ಪ್ರಕಟಿಸಿದರು. ಅಷ್ಟು ಗಹನವಾದ ವಿಷಯ ಅದು.

ಹಾಗಾಗಿ ಬಣ್ಣದ ತುಂಡನ್ನು ಬೆಳಗಿನ ಹೊತ್ತು ನೆರಳಿನ ಬೆಳಕಿನಲ್ಲಿ ಒಮ್ಮೆ, ನೇರ ಬಿಸಿಲಿನಲ್ಲಿ ಒಮ್ಮೆ, ದೀಪದ ಕೆಳಗೆ ಒಮ್ಮೆ ನೋಡಿ. ಮೂರರಲ್ಲೂ ಹೊಂದಿದರೆ ಗೆದ್ದಂತೆ. ಕೆಂಪು ಅಂಗಿ ತೊಟ್ಟು ಕೆಂಪು ಬಣ್ಣ ನೋಡಬೇಡಿ, ಅಂಗಿಯ ಬಣ್ಣ ಟ್ಯಾಂಕಿನ ಹೊಳಪಿನಲ್ಲಿ ಬೀಳುತ್ತದೆ. ಮತ್ತೊಂದು ಮಾತು. ಕೆಂಪು ಹಸಿರುಗಳ ಭೇದ ಸರಿಯಾಗಿ ಕಾಣದ ದೋಷ ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಹೆಚ್ಚು. ಎಷ್ಟೋ ಜನರಿಗೆ ಅದು ತಮಗಿದೆ ಎಂದೇ ಗೊತ್ತಿರುವುದಿಲ್ಲ. ಆದ್ದರಿಂದ ಕೊನೆಯ ಒಪ್ಪಿಗೆಗೆ ಮನೆಯ ಹೆಣ್ಣುಮಕ್ಕಳನ್ನು ಕರೆಯುವುದು ಜಾಣತನ.

ಡ್ಯೂಕೊದಿಂದ ಕಂಪ್ಯೂಟರಿನವರೆಗೆ

ನಮ್ಮ ಪೇಂಟರುಗಳು ಇಂದಿಗೂ 'ಡ್ಯೂಕೊ ಹೊಡೆಯುವುದು' ಎನ್ನುತ್ತಾರೆ. ಡ್ಯೂಕೊ ಎಂಬುದು ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಮಾರುಕಟ್ಟೆಗೆ ತಂದ ನೈಟ್ರೊಸೆಲ್ಯುಲೋಸ್ ಲ್ಯಾಕರಿನ ಹೆಸರು. ಅದಕ್ಕೆ ಮೊದಲು ಕಾರಿನ ಬಣ್ಣ ಒಣಗಲು ದಿನಗಟ್ಟಲೆ ಕಾಯಬೇಕಿತ್ತು. ಇದು ಬೇಗ ಒಣಗಿತು, ಮೋಟಾರು ಉದ್ಯಮದ ವೇಗವನ್ನೇ ಬದಲಿಸಿತು. ಕಾರ್ಖಾನೆಗಳಲ್ಲಿ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ಎನಾಮಲ್ ಕೂಡ ಬಂತು. ಈಗ ಹೆಚ್ಚಾಗಿ ಬಳಸುವುದು ಹಾರ್ಡನರ್ ಬೆರೆಸುವ ಪಾಲಿಯುರೆಥೇನ್, ಅಂದರೆ '2ಕೆ' ಬಣ್ಣ.

ಬಣ್ಣದ ಸಂಸ್ಕೃತಿಯೂ ಈ ಹೆದ್ದಾರಿಗೆ ಹೊಸದಲ್ಲ. ಮದ್ದೂರಿನಿಂದ ಬೆಂಗಳೂರಿನ ಕಡೆ ಹೊರಟರೆ ಸಿಗುವ ಚನ್ನಪಟ್ಟಣದಲ್ಲಿ ಅರಗಿನ ಬಣ್ಣವನ್ನು ತಿರುಗುವ ಮರಕ್ಕೆ ಒತ್ತಿ, ಬಿಸಿಗೆ ಕರಗಿಸಿ, ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಇತ್ತ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ, ಅದೇ ಅರಗಿನ ಹೆಸರು ಹೊತ್ತ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಹುಟ್ಟಿತು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಶಾಯಿ ಒದಗಿಸುತ್ತಾ ಬಂದ ಸಂಸ್ಥೆ ಅದೇ. ಇಂದು ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್.

ಬಣ್ಣ ಬೆರೆಸುವಾಗ ಹಿರಿಯ ಪೇಂಟರುಗಳು ಪಾಲಿಸುವ ಕ್ರಮದಲ್ಲಿ ತರ್ಕವಿದೆ. ಕಡುಗೆಂಪು ಬೇಕಾದರೆ ಕೆಂಪಿನಿಂದ ಆರಂಭಿಸಿ, ಕಪ್ಪನ್ನು ಹನಿಹನಿಯಾಗಿ ಸೇರಿಸುತ್ತಾರೆ. ಕಪ್ಪಿನಿಂದ ಆರಂಭಿಸಿದರೆ ಕೆಂಪು ಎಷ್ಟು ಸುರಿದರೂ ಸಾಲದು. ಅಡುಗೆಗೆ ಉಪ್ಪು ಹಾಕಿದಂತೆ, ಹಾಕಿದ್ದನ್ನು ತೆಗೆಯಲಾಗದು. ಪ್ರತಿ ಹನಿಯನ್ನೂ ಬರೆದಿಡುವವರು ಕಡಿಮೆ, ಬರೆದಿಡಬೇಕು.

ಡಬ್ಬಿಯಲ್ಲಿರುವ ಹಸಿ ಬಣ್ಣ ನೋಡಿ ತೀರ್ಮಾನಿಸಬಾರದು. ಒಣಗಿದ ಮೇಲೆ ಅದು ಬೇರೆಯೇ ಆಗುತ್ತದೆ. ಹಾಗಾಗಿ ಒಂದು ತಗಡಿನ ತುಂಡಿಗೆ, ಟ್ಯಾಂಕಿಗೆ ಹೊಡೆಯುವ ಅದೇ ಪ್ರೈಮರ್ ಹಾಕಿ, ಅದೇ ಗನ್ನಿನಿಂದ, ಅಷ್ಟೇ ಕೋಟು ಹೊಡೆದು, ಪೂರ್ತಿ ಒಣಗಿಸಿ, ಪಾಲಿಷ್ ಮಾಡಿ ನೋಡಬೇಕು. ಕೆಂಪು ಬಣ್ಣಗಳ ಪದರ ಸಾಮಾನ್ಯವಾಗಿ ಪಾರದರ್ಶಕ. ಕೆಳಗಿನದನ್ನು ಪೂರ್ತಿ ಮುಚ್ಚುವುದಿಲ್ಲ. ಬೂದು ಪ್ರೈಮರಿನ ಮೇಲೆ ಹೊಡೆದ ಕೆಂಪು ತಣ್ಣಗೆ ಕಾಣುತ್ತದೆ, ರೆಡ್ ಆಕ್ಸೈಡಿನ ಮೇಲೆ ಹೊಡೆದ ಅದೇ ಕೆಂಪು ಬೆಚ್ಚಗೆ ಕಾಣುತ್ತದೆ. ಮೊದಲ ಪ್ರೈಮರಿನ ಬಣ್ಣ ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಹವಾಮಾನವನ್ನೂ ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಹರಿಯುವ, ಮಳೆಗಾಲದಲ್ಲಿ ಗೋಡೆ ಬೆವರುವ ನಮ್ಮ ಊರುಗಳಲ್ಲಿ ಗಾಳಿಯ ತೇವ ಹೆಚ್ಚಿದ್ದಾಗ ಲ್ಯಾಕರ್ ಹೊಡೆದರೆ ಮೇಲೆ ಹಾಲಿನಂಥ ಬಿಳಿ ಮಬ್ಬು ಕೂರುತ್ತದೆ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಹನಿಯುವುದೇ ಕಾರಣ. ಒಣ ಹವೆಯ ದಿನ ಕಾಯುವುದೇ ಇದಕ್ಕೆ ಮದ್ದು.

ಈಗ ಪೇಂಟ್ ಅಂಗಡಿಗಳಲ್ಲಿ ಬಣ್ಣ ಅಳೆಯುವ ಯಂತ್ರ ಬಂದಿದೆ. ತುಂಡಿನ ಮೇಲೆ ಇಟ್ಟರೆ ಯಾವ ಬಣ್ಣದ ಬೆಳಕು ಎಷ್ಟು ಮರಳಿತು ಎಂದು ಅಳೆದು ಬೆರಕೆಯ ಲೆಕ್ಕ ಕೊಡುತ್ತದೆ. ಇದು ದೊಡ್ಡ ಸಹಾಯ. ಆದರೆ ಯಂತ್ರಕ್ಕೆ ಸಪಾಟಾದ, ಶುಚಿಯಾದ ಜಾಗ ಬೇಕು. ಉಬ್ಬಿದ ಟ್ಯಾಂಕಿನ ಮೇಲೆ, ಮಾಸಿದ ಜಾಗದ ಮೇಲೆ ಇಟ್ಟರೆ ಮಾಸಿದ ಬಣ್ಣವನ್ನೇ ನಿಷ್ಠೆಯಿಂದ ಅಳೆದು ಕೊಡುತ್ತದೆ. ಎಲ್ಲಿ ಇಡಬೇಕು ಎಂಬ ವಿವೇಕ ಮನುಷ್ಯನದು. ಕೊನೆಯ ಎರಡು ಹನಿ ಸರಿಪಡಿಸುವುದೂ ಪೇಂಟರಿನ ಕಣ್ಣೇ.

ಗೆರೆಯ ವಿಷಯದಲ್ಲಿ ಇದು ಇನ್ನೂ ನಿಜ. ಟ್ಯಾಂಕಿನ ಅಂಚಿನಲ್ಲಿ ಹರಿಯುವ ಚಿನ್ನದ ಬಣ್ಣದ ತೆಳು ಗೆರೆಯನ್ನು ಉದ್ದ ಕೂದಲಿನ ಕುಂಚದಿಂದ ಒಂದೇ ಉಸಿರಿನಲ್ಲಿ ಎಳೆಯಬೇಕು. ಚೆನ್ನೈನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಯಂತ್ರಗಳ ಕಾಲದಲ್ಲೂ ಟ್ಯಾಂಕಿನ ಗೆರೆಯನ್ನು ಕೈಯಿಂದ ಎಳೆಯುವ ಕಸುಬು ಹೆಸರು ಮಾಡಿತು. ಕೈಗೆರೆ ಒಂದು ಕಡೆ ಕೂದಲೆಳೆಯಷ್ಟು ದಪ್ಪ, ಇನ್ನೊಂದು ಕಡೆ ತೆಳು. ಸ್ಟಿಕ್ಕರ್ ಗೆರೆ ಎಲ್ಲೂ ತಪ್ಪುವುದಿಲ್ಲ, ಅದರಿಂದಲೇ ಅದು ಹಳೆಯದಲ್ಲ ಎಂದು ಗೊತ್ತಾಗುತ್ತದೆ.

ಹೊಡೆಸಬೇಕೇ, ಬೇಡವೇ?

ಈಗ ಮೂಲ ಪ್ರಶ್ನೆಗೆ ಬರೋಣ. ಟ್ಯಾಂಕಿನ ಬಣ್ಣ ಬಹುಪಾಲು ಉಳಿದಿದ್ದರೆ, ಗೀರು, ಮಸುಕು ಇದ್ದರೂ, ಹೊಡೆಸಬೇಡಿ ಎಂಬುದು ನನ್ನ ಅಭಿಪ್ರಾಯ. ತೊಳೆದು, ಹಗುರವಾಗಿ ಪಾಲಿಷ್ ಮಾಡಿ, ತುಕ್ಕು ಹರಡದಂತೆ ತಡೆದರೆ ಸಾಕು. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಸಬಹುದು. ಮೂಲ ಬಣ್ಣ ಒಂದೇ ಸಲ ಬರುವುದು. ಅಪ್ಪನ ಬೀಗದ ಕೈಗೊಂಚಲು ಉಜ್ಜಿ ಸವೆದ ಜಾಗವನ್ನು ಯಾವ ಪೇಂಟರೂ ಮತ್ತೆ ತಂದುಕೊಡಲಾರ.

ಟ್ಯಾಂಕು ಮಾತ್ರ ಹಾಳಾಗಿ ಉಳಿದ ಭಾಗ ಹಳೆಯ ಬಣ್ಣದಲ್ಲೇ ಇದ್ದರೆ, ಟ್ಯಾಂಕಿಗೆ ಹುಟ್ಟಿದ ದಿನದ ಬಣ್ಣ ಹೊಡೆಯಬಾರದು. ಮುದುಕನ ಮೈಗೆ ಮಗುವಿನ ಮುಖ ಇಟ್ಟಂತೆ ಆಗುತ್ತದೆ. ಪಕ್ಕದ ಮಡ್‌ಗಾರ್ಡಿನ ಮಾಸಿದ ಬಣ್ಣಕ್ಕೇ ಹೊಂದಿಸಬೇಕು. ಇಡೀ ಬೈಕಿಗೆ ಹೊಡೆಯುವುದಾದರೆ ಮಾತ್ರ ಟೂಲ್ ಬಾಕ್ಸಿನ ಒಳಗಿನ ಮಾಸದ ಬಣ್ಣ ಹಿಡಿಯಬೇಕು. ಪೂರ್ತಿ ಹೊಡೆಸಿದ್ದನ್ನು 'ಕಂಪನಿ ಪೇಂಟ್' ಎಂದು ಹೇಳಿ ಮಾರುವುದು ಮಾತ್ರ ಮೋಸ. ಹೊಸದನ್ನು ಹೊಸದೆಂದೇ ಹೇಳಿದರೆ ಕೆಲಸಗಾರನಿಗೂ ಗೌರವ.

ಮೂಲ ರೂಪಕ್ಕೆ ಸರ್ಕಾರವೂ ಬೆಲೆ ಕೊಟ್ಟಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ವಾಹನಗಳನ್ನು 'ವಿಂಟೇಜ್' ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶವಾಯಿತು. ಅಂಥ ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. 1961ರಿಂದ 1973ರ ನಡುವೆ ಬಂದ ಮೈಸೂರಿನ ಜಾವಾಗಳೆಲ್ಲ ಆ ವಯಸ್ಸು ದಾಟಿವೆ.

ಮೂರು ಎಚ್ಚರಿಕೆಯ ಮಾತು ಹೇಳದೆ ಮುಗಿಸುವಂತಿಲ್ಲ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಒಳಗೆ ಪೆಟ್ರೋಲಿನ ಆವಿ ಇರುತ್ತದೆ. ಚೆನ್ನಾಗಿ ತೊಳೆಯದೆ ವೆಲ್ಡಿಂಗ್ ಹತ್ತಿರ ತರಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಂತೆಯೇ ಉಜ್ಜಿ ದೂಳೆಬ್ಬಿಸಬೇಡಿ, ನೀರು ಹಾಕಿ ಉಜ್ಜಿ. 2ಕೆ ಬಣ್ಣದ ಹಾರ್ಡನರಿನಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಉಬ್ಬಸ ತರುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ಅದಕ್ಕೆಂದೇ ಇರುವ ಮಾಸ್ಕ್ ಬೇಕು. ಬೈಕಿನ ಆಯುಸ್ಸು ಹೆಚ್ಚಿಸಲು ಹೋಗಿ ಪೇಂಟರಿನ ಆಯುಸ್ಸು ಕಡಿಮೆಯಾಗಬಾರದು.

2023ರಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ವೇ ತೆರೆಯಿತು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳ ಓಡಾಟ ನಿಂತಿತು. ಮೈಸೂರಿನಲ್ಲಿ ಹುಟ್ಟಿದ ಬೈಕುಗಳಿಗೆ ಮದ್ದೂರು, ಮಂಡ್ಯಗಳ ಹಳೆಯ ರಸ್ತೆಯೇ ಗತಿಯಾಯಿತು. ಒಂದು ರೀತಿಯಲ್ಲಿ ಅದು ಸರಿಯಾದ ಜಾಗವೇ.

ಕೊನೆಯದಾಗಿ ಮೂರು ಕೋರಿಕೆ. ಮನೆಯಲ್ಲಿ ಹಳೆಯ ಬೈಕು ಇರುವವರು ಟೂಲ್ ಬಾಕ್ಸಿನ ಒಳಮೈಯನ್ನು ಹಾಗೇ ಬಿಡಿ. ಇಡೀ ಬೈಕಿಗೆ ಬಣ್ಣ ಹೊಡೆಸಿದರೂ ಅಂಗೈಯಗಲ ಜಾಗವನ್ನು ಮುಂದಿನವರ ಸಾಕ್ಷಿಗೆ ಉಳಿಸಿ. ಪೇಂಟರುಗಳು ಒಂದೊಂದು ಬೈಕಿಗೂ ಒಂದು ತಗಡಿನ ತುಂಡಿಗೆ ಬಣ್ಣ ಹೊಡೆದು, ಹಿಂಬದಿಯಲ್ಲಿ ಬೈಕಿನ ವರ್ಷ, ಮಾಡೆಲ್ಲು, ಪ್ರೈಮರ್, ಬೆರಕೆಯ ಲೆಕ್ಕ ಬರೆದು ಕತ್ತಲಲ್ಲಿ ಎತ್ತಿಡಿ. ಮೂರು ತಾಲ್ಲೂಕಿನ ಗ್ಯಾರೇಜುಗಳು ಇಂಥ ಹತ್ತು ಹತ್ತು ತುಂಡು ಕೂಡಿಸಿದರೂ, ಕಾರ್ಖಾನೆಯ ಜೊತೆ ಮುಚ್ಚಿಹೋದ ಬಣ್ಣದ ಪುಸ್ತಕವನ್ನು ನಾವೇ ಮತ್ತೆ ಬರೆದಂತಾಗುತ್ತದೆ. ಮೂರನೆಯದು, ಗೆರೆ ಎಳೆಯುವ, ಕಣ್ಣಲ್ಲೇ ಬಣ್ಣ ಹಿಡಿಯುವ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಒಬ್ಬ ಹುಡುಗನನ್ನು ಅವರ ಪಕ್ಕ ಕೂರಿಸಿ.

ದರಿಯಾ ದೌಲತ್‌ನ ಗೋಡೆಗೆ ನೆನಪಿದ್ದ ಒಬ್ಬ ಚಿತ್ರಗಾರ ಸಿಕ್ಕಿದ್ದು ಅದೃಷ್ಟ. ಪ್ರತಿ ಸಲವೂ ಅದೃಷ್ಟವನ್ನು ನಂಬಿ ಕೂರುವಂತಿಲ್ಲ. ಬರೆದಿಡೋಣ.